ಇಂಟರ್‌ವೆಲ್ ಮಾತು: ಇ-ಮೇಲಿನಲ್ಲೂ ಡಬಲ್ ಆಕ್ಟಿಂಗ್!

ಕಮಲಾಪುರದಿಂದ ಅಭಿಮಾನಿ ಮಿತ್ರನೊಬ್ಬ ಕೇಳಿದ್ದಾನೆ: “ಅಣ್ಣಾರ, ಕಲಬುರಗಿಯಾಗ ಹೊಸ ಪಿಕ್ಚರಿನ ಮೊದಲ ಶೋಗೆ ಹಾಕ್ಕೊಂಡು ಹೋಗ್ಬೇಕಂತ ಆನ್‌ಲೈನ್‌ನಾಗ ಬೂಟು ತರಿಸೀನ್ರಿ. ‘ವಿಳಾಸ ತಪ್ಪಾಗಿದೆ, 24 ಗಂಟೆಯೊಳಗೆ 25 ರೂಪಾಯಿ ಕಟ್ಟಿ, ಇಲ್ಲವಾದರೆ ಪಾರ್ಸಲ್ ವಾಪಸ್’ ಅಂತ ಅಮೆಜಾನ್ ಹೆಸರಿನ ಮೇಲ್ ಬಂದದ. ಕಾರ್ಡ್ ನಂಬರ್ ಕೊಡ್ಲೇನ್ರಿ?”

ಬ್ಯಾಡ ತಮ್ಮಾ! ಅದು ಮೇಲ್ ಅಲ್ಲ, ಮೇಕಪ್! 1978ರ ‘ಶಂಕರ್ ಗುರು’ವಿನಲ್ಲಿ ರಾಜ್ ಮೂರು ಪಾತ್ರದಲ್ಲಿ ಬಂದರೆ ಶಿಳ್ಳೆ ಹೊಡೆಯೋಣ. ಈ ಡಬಲ್ ಆಕ್ಟಿಂಗಿಗೆ ಮಾತ್ರ ಟಿಕೆಟ್ ಬಲು ದುಬಾರಿ. 25 ರೂಪಾಯಿ ಬರೀ ನೆಪ; ಅವನಿಗೆ ಬೇಕಾದದ್ದು ನಿನ್ನ ಕಾರ್ಡು, ಓಟಿಪಿ.

ಬಣ್ಣ, ಲಾಂಛನ ನೋಡಿ ಮರುಳಾಗಬೇಡ. ಹಳದಿ ಬಾಳೆಗೆ ಕೆಂಪು ಬಳಿದರೆ ನಿಮ್ಮೂರ ಕೆಂಪುಬಾಳೆ ಆದೀತೇ? ಕಳಿಸಿದವನ ವಿಳಾಸ ಓದು. ಇಂಗ್ಲಿಷ್ ‘ಓ’ ಬದಲು ಸೊನ್ನೆಯೋ, ಅಂಗಡಿ ಹೆಸರಿಗೆ ಬೇಡದ ಬಾಲವೋ ಇದ್ದರೆ ಕಳ್ಳ ಸಿಕ್ಕ! ವಿಳಾಸ ಸರಿ ಕಂಡರೂ ನಂಬಬೇಡ, ಅದನ್ನೂ ನಕಲು ಮಾಡುತ್ತಾರೆ. ಲಿಂಕ್ ಮುಟ್ಟದೆ ಅಂಗಡಿಯ ಆ್ಯಪನ್ನೇ ತೆರೆದು ನಿನ್ನ ಆರ್ಡರ್ ನೋಡು. ಅಲ್ಲಿ ಬಾಕಿ ಕಾಣದಿದ್ದರೆ ಮೇಲ್ ಸುಳ್ಳು.

ಕಾರ್ಡ್ ನಂಬರ್ ಕೊಟ್ಟಾಗಿದೆಯೇ? ನಾಚಿಕೊಂಡು ಕೂರಬೇಡ. ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸು, ಕೂಡಲೇ 1930ಕ್ಕೆ ಫೋನ್ ಮಾಡು. ರೊಕ್ಕ ಕೈಯಿಂದ ಕೈಗೆ ಜಾರುವ ಮೊದಲೇ ತಡೆಯಲು ಸಾಧ್ಯವಿದೆ. ಕಲಬುರಗಿಯ ಸಿ.ಇ.ಎನ್. ಪೊಲೀಸ್ ಠಾಣೆಗೂ ದೂರು ಕೊಡು.

ಬೂಟು ಬರುತ್ತೆ, ಪಿಕ್ಚರೂ ಬರುತ್ತೆ. ಅವಸರ ಮಾಡಿಸುವವನೇ ವಿಲನ್, ನೆನಪಿರಲಿ!