ಕಾಲುವೆಯ ದಂಡೆಯ ಹಾದಿ

ಕಳೆದ ತಿಂಗಳು ಸಹೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗನು ದಕ್ಷಿಣ ಫ್ರಾನ್ಸಿನ ಟುಲೂಸ್ ನಗರದಲ್ಲಿ, ವಿಮಾನಗಳನ್ನು ನಿರ್ಮಿಸುವ ಉದ್ಯಮದಲ್ಲಿ ಎಂಜಿನಿಯರ್. ತಂದೆತಾಯಿಗಳು ಅಲ್ಲಿಗೆ ಬರಬೇಕು, ಒಂಬತ್ತು ವರ್ಷದ ಮೊಮ್ಮಗಳೊಡನೆ ಎಲ್ಲರೂ ಕೂಡಿ ಕಾಲುವೆಯ ದಂಡೆಗುಂಟ ನಾಲ್ಕು ದಿನ ಸೈಕಲ್ಲಿನ ಮೇಲೆ ಪ್ರವಾಸ ಮಾಡಬೇಕು ಎಂಬುದು ಆತನ ಆಗ್ರಹ. ಸಹೋದರಿಯ ಪತಿ ನಿವೃತ್ತ ಶಿಕ್ಷಕರು. ಈಗ ಅರವತ್ತೆಂಟು ವರ್ಷ. ಇಪ್ಪತ್ತಾರು ವರ್ಷಗಳ ಹಿಂದೆ ಶಾಲೆ ಮುಗಿಸಿ ಮನೆಗೆ ಮರಳುತ್ತಿದ್ದಾಗ ಲಾರಿಯೊಂದು ತಗುಲಿ ಅವರ ಕಾಲು ಮುರಿಯಿತು. ಅಂದಿನಿಂದ ಅವರು ಸೈಕಲ್ಲನ್ನು ಮುಟ್ಟಿಲ್ಲ. ‘ಬೇಡವೆಂದರೆ ಮಗನಿಗೆ ನೋವು, ಹೂಂ ಎಂದರೆ ನನಗೆ ನಿದ್ದೆಯಿಲ್ಲ. ಇವರು ಮಾತ್ರ ಏನನ್ನೂ ಹೇಳದೆ ಸುಮ್ಮನಿದ್ದಾರೆ. ಏನು ಮಾಡಲಿ?’ ಎಂದು ಆ ತಾಯಿ ಕೇಳಿದ್ದಾರೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಒಮ್ಮೆ ಪೆಟ್ಟು ತಿಂದ ದೇಹವು ಆ ನೆನಪನ್ನು ತನ್ನಲ್ಲಿಯೇ ಕಾಪಿಟ್ಟುಕೊಂಡಿರುತ್ತದೆ. ಅದನ್ನು ಹೇಡಿತನವೆಂದು ಕರೆಯುವುದು ಅನ್ಯಾಯ. ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸದ ಜನಕನೆಂದು ಕೀರ್ತಿ ಪಡೆದ ಪೌಲ್ ದ ವಿವಿಯ ವೃತ್ತಾಂತವನ್ನೇ ನೋಡಿರಿ. 1853ರಲ್ಲಿ ದಕ್ಷಿಣದ ಪ್ರೊವಾನ್ಸ್ ಸೀಮೆಯಲ್ಲಿ ಜನಿಸಿದ ಈತನು ‘ವೆಲೋಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದನು. 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆಯನ್ನು ಸ್ಥಾಪಿಸಿದನು. ಪಂದ್ಯದ ಗೆಲುವಿಗಿಂತ ನಾಡನ್ನು ಕಣ್ತುಂಬ ಕಾಣುವ ಸುಖವೇ ಹಿರಿದೆಂಬುದು ಆತನ ಬೋಧೆ. ಮಾಂಸವನ್ನು ವರ್ಜಿಸಿದ ಶಾಕಾಹಾರಿ. ಮುಪ್ಪಿನಲ್ಲಿಯೂ ದೂರದೂರದ ಸವಾರಿಗಳನ್ನು ಬಿಡಲಿಲ್ಲ. ಇಂಥ ನುರಿತ ಸವಾರನು 1930ರಲ್ಲಿ ತೀರಿಕೊಂಡದ್ದು ಯಾವುದೋ ದುರ್ಗಮವಾದ ಘಟ್ಟದಲ್ಲಿ ಅಲ್ಲ, ಸೇಂಟ್ ಎಟಿಯೆನ್ ನಗರದ ಬೀದಿಯಲ್ಲಿ, ಟ್ರಾಮ್ ಬಡಿದು. ಸವಾರನಲ್ಲಿ ಎಷ್ಟೇ ಧೈರ್ಯ, ಎಷ್ಟೇ ಅಭ್ಯಾಸವಿದ್ದರೂ ಆತನೊಡನೆ ಆ ರಸ್ತೆಯ ಮೇಲೆ ಮತ್ತಾರು ಸಂಚರಿಸುತ್ತಾರೆ ಎಂಬುದರ ಮೇಲೆ ಆತನ ಜೀವ ನಿಂತಿರುತ್ತದೆ. ಆದಕಾರಣ ಸಹೋದರಿಯು ಪತಿಯ ಧೈರ್ಯವನ್ನು ಅಳೆಯುವ ಮೊದಲು ಮಗನು ಹೇಳುತ್ತಿರುವ ಹಾದಿ ಎಂಥದೆಂಬುದನ್ನು ತಿಳಿಯುವುದು ಲೇಸು.

ಫ್ರಾನ್ಸಿನಲ್ಲಿ ‘ಹಸಿರು ಹಾದಿ’ ಎಂದು ಕರೆಯಲಾಗುವ ಮಾರ್ಗಗಳಿವೆ. 2004ರಲ್ಲಿ ಇವು ಆ ದೇಶದ ರಸ್ತೆ ಸಂಹಿತೆಯಲ್ಲಿ ಸ್ಥಾನ ಪಡೆದವು. ಮೋಟಾರು ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ನಡೆಯುವವರು, ಸೈಕಲ್ಲಿನವರು, ಕುದುರೆಯ ಸವಾರರು, ಇವರಿಗೆ ಮಾತ್ರ ಮೀಸಲು. ಕಾಲುವೆಯ ದಂಡೆಯ ಪ್ರತಿಯೊಂದು ತುಣುಕಿಗೂ ಈ ಬಿರುದು ದೊರೆತಿಲ್ಲವಾದರೂ ಅಲ್ಲಿ ಲಾರಿ ಕಾರುಗಳ ಓಡಾಟವಿರುವುದಿಲ್ಲ. ಕಾಲುವೆಯ ಸಿಬ್ಬಂದಿಯ ವಾಹನವೊಂದು ಅಪರೂಪಕ್ಕೆ ಎದುರಾದರೆ ಉಂಟು.

ಈ ಹಾದಿಗಳನ್ನು ಮೊದಲು ಸೈಕಲ್ಲಿಗಾಗಿ ಮಾಡಿದ್ದಲ್ಲ ಎಂಬುದು ಸ್ವಾರಸ್ಯದ ಸಂಗತಿ. ಟುಲೂಸಿನಿಂದ ಮೆಡಿಟರೇನಿಯನ್ ಕಡಲಿನ ಅಂಚಿನವರೆಗೆ 240 ಕಿಲೋಮೀಟರು ಹರಿದಿರುವ ‘ಕನಾಲ್ ದ್ಯು ಮಿದಿ’ ಕಾಲುವೆಯನ್ನು ತೋಡಿಸಿದವನು ಪಿಯೆರ್ ಪೌಲ್ ರಿಕೆ. ಉಪ್ಪಿನ ತೆರಿಗೆಯನ್ನು ವಸೂಲು ಮಾಡುತ್ತಿದ್ದ ಶ್ರೀಮಂತ. ಐವತ್ತು ದಾಟಿದ ಮೇಲೆ ಆತನಿಗೆ ಎರಡು ಕಡಲುಗಳನ್ನು ಜೋಡಿಸುವ ಕನಸು ಹಿಡಿಯಿತು. 1666ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆ ದೊರೆಯಿತು. ಕೆಲಸ ಬಿರುಸಾಗಿದ್ದಾಗ ಸುಮಾರು 12,000 ಜನ ದುಡಿಯುತ್ತಿದ್ದರು. ಅವರಲ್ಲಿ ಬುಟ್ಟಿಯಲ್ಲಿ ಮಣ್ಣು ಹೊತ್ತ ಸ್ತ್ರೀಯರು ಬಹುಸಂಖ್ಯೆಯಲ್ಲಿದ್ದರು. ಪಿರೆನೀಸ್ ಬೆಟ್ಟಗಳ ಹೆಣ್ಣುಮಕ್ಕಳಿಗೆ ನೀರನ್ನು ಹರಿಯಿಸುವ ಪರಂಪರಾಗತ ಜ್ಞಾನವಿತ್ತು, ಅದು ಈ ಕಾಲುವೆಗೆ ಒದಗಿಬಂತು ಎಂಬುದನ್ನು ಚಂದ್ರಾ ಮುಖರ್ಜಿ ಎಂಬ ಅಮೆರಿಕದ ವಿದುಷಿ 2009ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ರಿಕೆ ತನ್ನ ಐಶ್ವರ್ಯವನ್ನೆಲ್ಲ ಇದಕ್ಕೆ ಸುರಿದು, ಸಾಲಗಾರನಾಗಿ, 1680ರಲ್ಲಿ ಕಣ್ಣುಮುಚ್ಚಿದನು. ಮರುವರ್ಷ ಕಾಲುವೆ ಪೂರ್ಣಗೊಂಡಿತು. ತಾನು ತೋಡಿಸಿದ ನೀರಿನ ಮೇಲೆ ಕಡಲಿನವರೆಗೆ ಪಯಣಿಸುವ ಭಾಗ್ಯ ಆತನಿಗೆ ಇರಲಿಲ್ಲ.

ದೋಣಿಗಳನ್ನು ಹಗ್ಗ ಕಟ್ಟಿ ಕುದುರೆಗಳಿಂದ ಎಳೆಯಿಸಬೇಕಾಗಿತ್ತು. ಆ ಕುದುರೆಗಳಿಗಾಗಿ ದಂಡೆಯ ಮೇಲೆ ಮಾಡಿದ ಹಾದಿಯೇ ಇಂದು ಸೈಕಲ್ಲಿನ ಹಾದಿ. 1857ರಲ್ಲಿ ಬೋರ್ಡೋದಿಂದ ಸೆತ್ ಬಂದರಿನವರೆಗೆ ರೈಲು ಬಂದಿತು. ಕಾಲುವೆಯ ವ್ಯಾಪಾರ ಕುಗ್ಗಿತು. ಮುಂದೆ ಮೋಟಾರು ಬಂದು ಸಣ್ಣ ರೈಲುಗಳನ್ನೂ ನುಂಗಿತು. ಬೆದಾರ್ಯು ಮತ್ತು ಮಜಾಮೆ ಎಂಬ ಊರುಗಳ ನಡುವೆ ಬೆಟ್ಟದ ಸೀಮೆಯಲ್ಲಿ ಹಾದಿದ್ದ ಇಂಥ ಒಂದು ರೈಲುಹಾದಿಯ ಕಂಬಿಗಳನ್ನು ಕಿತ್ತು, ಸುಮಾರು 80 ಕಿಲೋಮೀಟರಿನ ಹಸಿರು ಹಾದಿಯನ್ನು ಮಾಡಿದ್ದಾರೆ. ‘ಪಾಸಾ ಪಾಯಿಸ್’ ಎಂದು ಅದರ ಹೆಸರು. ಬೋರ್ಡೋದ ಬಳಿ ಇಂಥದೇ ಇನ್ನೊಂದು ಹಾದಿಗೆ 1937ರ ಫ್ರಾನ್ಸ್ ಪ್ರದಕ್ಷಿಣೆಯ ಸ್ಪರ್ಧೆಯಲ್ಲಿ ಗೆದ್ದ ರೋಜೆ ಲಪೆಬಿಯ ಹೆಸರನ್ನಿಟ್ಟಿದ್ದಾರೆ. ಕುದುರೆಯೂ ಹೋಯಿತು, ಉಗಿಬಂಡಿಯೂ ಹೋಯಿತು; ಅವುಗಳ ಹಾದಿಯನ್ನು ಮಾತ್ರ ಜನ ಹಾಳುಗೆಡಹಲಿಲ್ಲ.

ಇದರಿಂದ ಮುದುಕರಿಗೂ ಮಕ್ಕಳಿಗೂ ಆಗುವ ಉಪಕಾರ ದೊಡ್ಡದು. ನೀರು ಏರನ್ನು ಹತ್ತದು. ಭಾರ ಹೊತ್ತ ರೈಲೂ ಕಡಿದಾದ ಏರನ್ನು ಹತ್ತದು. ಆದುದರಿಂದ ಇವೆರಡರ ಹಾದಿಯೂ ಬಹುಮಟ್ಟಿಗೆ ಸಮತಟ್ಟು. ಟುಲೂಸಿನಿಂದ ಕಾಲುವೆಯ ಅತ್ಯುನ್ನತ ಸ್ಥಳವಾದ ನೋರೂಜಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟಕ್ಕೂ ಏರಬೇಕಾದ ಎತ್ತರ ಅರುವತ್ತು ಮೀಟರಿಗಿಂತ ಕಡಿಮೆ. ಆ ಏರು ಸಹ ನೀರಿನ ಬಾಗಿಲುಗಳಿರುವ ಕಟ್ಟೆಗಳ ಬಳಿಯಲ್ಲಿ ಮಾತ್ರ, ನಾಲ್ಕು ಮಾರು ದೂರ. ಅಲ್ಲಿ ಇಳಿದು ಸೈಕಲ್ಲನ್ನು ತಳ್ಳಿದರೆ ಯಾರೂ ನಗುವುದಿಲ್ಲ.

ನಾಲ್ಕು ದಿನವೆಂದರೆ ಟುಲೂಸಿನಿಂದ ಕಾರ್ಕಸೋನ್ ಕೋಟೆಯ ಊರಿಗೆ ಸರಿಹೋಗುತ್ತದೆ. ದಂಡೆಗುಂಟ ಸುಮಾರು 105 ಕಿಲೋಮೀಟರು, ದಿನಕ್ಕೆ ಇಪ್ಪತ್ತೈದರಂತೆ. ನಗರದೊಳಗಣ ಭಾಗದಲ್ಲಿ ಕಚೇರಿಗೆ ಧಾವಿಸುವ ಸೈಕಲ್ಲುಗಳ ಭರಾಟೆಯಿದೆ. ಅದನ್ನು ದಾಟಿ ರಾಮೊನ್ವಿಲ್ ಎಂಬ ಹೊರವಲಯದಿಂದ ಹೊರಡುವುದು ಒಳಿತು. ಮೊದಲ ಎರಡು ದಿನ ಡಾಂಬರಿನ ನುಣುಪಾದ ಹಾದಿ. ನೋರೂಜಿನಲ್ಲಿ ಅರ್ಧ ದಿನವಾದರೂ ನಿಲ್ಲಿರಿ. ಕಪ್ಪುಬೆಟ್ಟವೆಂಬ ಅರ್ಥದ ಹೆಸರಿನ ಪರ್ವತದ ತೊರೆಗಳನ್ನು ಸಾಂ ಫೆರಿಯೊಲ್ ಕೆರೆಯಲ್ಲಿ ಕೂಡಿಟ್ಟು ಇಲ್ಲಿಗೆ ತರಲಾಗಿದೆ. ಇಲ್ಲಿಗೆ ಬಂದ ನೀರು ಇಬ್ಭಾಗವಾಗಿ ಒಂದು ಅಟ್ಲಾಂಟಿಕ್ ಸಾಗರದತ್ತ, ಇನ್ನೊಂದು ಮೆಡಿಟರೇನಿಯನ್ ಕಡಲಿನತ್ತ ಹರಿಯುತ್ತದೆ. ಮೊಮ್ಮಗಳಿಗೆ ಭೂಗೋಳದ ಇದಕ್ಕಿಂತ ಒಳ್ಳೆಯ ಪಾಠ ಯಾವ ಶಾಲೆಯಲ್ಲಿ ಸಿಕ್ಕೀತು? ಅದನ್ನು ಹೇಳಿಕೊಡಲು ಅಜ್ಜನಾದರೂ ಶಿಕ್ಷಕರೇ ಅಲ್ಲವೆ?

ಇನ್ನು ಎಚ್ಚರದ ಮಾತು. ಲಾರಿಯಿಲ್ಲವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದು ತಿಳಿಯಬಾರದು. ಕಾಲುವೆಯ ಅಂಚಿಗೆ ಕಟಾಂಜನವಿಲ್ಲ. ಮಗು ಸದಾ ನೀರಿನ ಅಂಚಿನಿಂದ ದೂರದ ಮಗ್ಗುಲಿನಲ್ಲಿಯೇ ಇರಲಿ. ಹಳೆಯ ಕಲ್ಲು ಸೇತುವೆಗಳ ಕೆಳಗೆ ಹಾದಿ ಇಕ್ಕಟ್ಟಾಗುತ್ತದೆ. ಗಂಟೆ ಬಾರಿಸಿ ನಿಧಾನವಾಗಿ ದಾಟಬೇಕು. ಅಲ್ಲಿ ಸಂಚಾರ ಬಲಗಡೆಯಲ್ಲಿ ಎಂಬುದನ್ನು ನಮ್ಮವರು ಮೊದಲ ಗಳಿಗೆಯಲ್ಲಿ ಮರೆಯುವುದು ಸಹಜ. ಹನ್ನೆರಡು ವರ್ಷದೊಳಗಿನ ಮಕ್ಕಳು ತಲೆಗೆ ಶಿರಸ್ತ್ರಾಣ ಧರಿಸಬೇಕೆಂದು 2017ರಿಂದ ಕಾಯಿದೆಯೇ ಇದೆ. ದೊಡ್ಡವರಿಗೆ ಕಾಯಿದೆ ಇಲ್ಲದಿದ್ದರೂ ವಿವೇಕವಿರಬೇಕು. ನೋರೂಜಿನಾಚೆ ಹಲವೆಡೆ ಜಲ್ಲಿ ಮಣ್ಣಿನ ಹಾದಿ. ಕಾರ್ಕಸೋನಿನಿಂದ ಮುಂದಂತೂ ಮರದ ಬೇರುಗಳು ಹಾದಿಯನ್ನು ಎಬ್ಬಿಸಿವೆ. ಮುರಿದ ಕಾಲಿಗೆ ಅದು ತಕ್ಕುದಲ್ಲ, ಅಲ್ಲಿಗೇ ನಿಲ್ಲಿಸಿರಿ. ಆ ಸೀಮೆಯ ಗಾಳಿಯೂ ಹಟಮಾರಿ. ಆಗ್ನೇಯದಿಂದ ಬೀಸುವ ‘ಓತಾಂ’ ಗಾಳಿ ಎದುರಾದರೆ ಸಪಾಟಾದ ನೆಲವೂ ಘಟ್ಟವಾಗುತ್ತದೆ. ಅಂಥ ದಿನ ಹಟ ಬೇಡ. ಕಾಲುವೆಯ ಪಕ್ಕದಲ್ಲಿಯೇ ರೈಲುಹಾದಿಯಿದೆ. ಪ್ರಾದೇಶಿಕ ರೈಲುಗಳಲ್ಲಿ, ಸ್ಥಳವಿದ್ದರೆ, ಸೈಕಲ್ಲುಗಳನ್ನೂ ಒಯ್ಯಬಹುದು. ಜುಲೈ ಆಗಸ್ಟಿನ ಬಿಸಿಲಿಗಿಂತ ಮೇ, ಜೂನ್ ಅಥವಾ ಸೆಪ್ಟೆಂಬರ್ ಹಿತ.

ಊಟದ ವಿಷಯದಲ್ಲಿ ಒಂದು ಮಾತು. ನಡುದಾರಿಯ ಕಸ್ತೆಲ್ನೋದಾರಿ ಎಂಬ ಊರು ‘ಕಸ್ಸುಲೆ’ ಎಂಬ ಕಾಳಿನ ಭಕ್ಷ್ಯಕ್ಕೆ ಹೆಸರಾಗಿದೆ. ಬಿಳಿಯ ಕಾಳು, ಮಣ್ಣಿನ ಪಾತ್ರೆ ಎಂದು ಕೇಳಿ ನಮ್ಮ ಮನೆಯ ಉಸಳಿ ಎಂದು ಮೋಸಹೋಗದಿರಿ. ಅದರಲ್ಲಿ ಬಾತುಕೋಳಿ, ಹಂದಿಯ ಮಾಂಸ ಬೆರೆತಿರುತ್ತದೆ. ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೊರಡುವುದು ಕ್ಷೇಮ.

ಮಗನು ತೋರಿಸಿದ ಚಿತ್ರಗಳಲ್ಲಿ ಎರಡೂ ದಂಡೆಯ ಮರಗಳು ಚಪ್ಪರದಂತೆ ಕೂಡಿಕೊಂಡಿವೆಯೆಂದು ಸಹೋದರಿ ಬರೆದಿದ್ದಾರೆ. ಎಲ್ಲೆಡೆಯೂ ಆ ನೆರಳು ಈಗ ಇಲ್ಲ. ಬಹುತೇಕ 19ನೆಯ ಶತಮಾನದಲ್ಲಿ ನೆಟ್ಟ, ಸುಮಾರು 42,000 ಪ್ಲೇನ್ ಮರಗಳು ಅಲ್ಲಿದ್ದವು. ಅವುಗಳ ಬೇರು ದಂಡೆಯನ್ನು ಹಿಡಿದಿತ್ತು, ನೆರಳು ನೀರನ್ನು ಕಾದಿತ್ತು. 2006ರಲ್ಲಿ ಶಿಲೀಂಧ್ರರೋಗವೊಂದು ಅಲ್ಲಿ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವು ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳೊಡನೆ ಅದು ಫ್ರಾನ್ಸಿಗೆ ಬಂದಿತೆಂದು ಹೇಳುತ್ತಾರೆ. ರೋಗಕ್ಕೆ ಮದ್ದಿಲ್ಲ. ಬೇರಿನಿಂದ ಬೇರಿಗೆ ಹರಡುವುದರಿಂದ ರೋಗ ಹತ್ತಿದ ಮರವನ್ನೂ ಅದರ ನೆರೆಯ ಮರಗಳನ್ನೂ ಕಡಿದು ಸುಡಬೇಕಾಗಿದೆ. ಅರ್ಧಕ್ಕಿಂತ ಹೆಚ್ಚು ಮರಗಳು ಹೀಗೆ ಹೋಗಿವೆ. ಅವುಗಳ ಎಡೆಯಲ್ಲಿ ಈಗ ಓಕ್, ಪಾಪ್ಲರ್, ಲಿಂಡೆನ್ ಮೊದಲಾದ ಹಲವು ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಇಂದು ನೆಡುತ್ತಿರುವವರು ಆ ಸಸಿಗಳ ತುಂಬು ನೆರಳಿನಲ್ಲಿ ಕುಳಿತುಕೊಳ್ಳಲಾರರು. ನಿಮ್ಮ ಮೊಮ್ಮಗಳು ತನ್ನ ಮೊಮ್ಮಕ್ಕಳೊಡನೆ ಬಂದಾಗ ಕುಳಿತಾಳು. ಬಯಲಾದ ಕಡೆಗಳಲ್ಲಿ ತಲೆಗೆ ಬಟ್ಟೆ, ಕೈಗೆ ನೀರು ಮರೆಯಬೇಡಿರಿ.

ಸಹೋದರಿ, ನೀವು ಕೇಳಿದುದಕ್ಕೆ ನಮ್ಮ ಉತ್ತರವಿಷ್ಟು: ಹೋಗಿಬನ್ನಿರಿ. ಆದರೆ ನಿಮ್ಮ ಯಜಮಾನರಿಗೆ ಒತ್ತಾಯ ಬೇಡ. ಅವರ ಮೌನವನ್ನು ನಿರಾಕರಣೆಯೆಂದು ನಾವು ಓದಲಾರೆವು. ಬೇಡವೆನ್ನುವವರು ಬೇಡವೆಂದೇ ಹೇಳುತ್ತಾರೆ. ಆಸೆಯೂ ಅಂಜಿಕೆಯೂ ಸಮಸಮವಾಗಿ ಇದ್ದವರು ಸುಮ್ಮನಿರುತ್ತಾರೆ. ಮೊದಲು ವೈದ್ಯರಿಗೆ ಕಾಲನ್ನು ತೋರಿಸಿರಿ. ಅವರು ಒಪ್ಪಿದರೆ, ತಗ್ಗಿನ ಸೈಕಲ್ಲೊಂದನ್ನು ತಂದು, ಸೂರ್ಯ ಮೂಡುವ ಮುನ್ನ ಶಾಲೆಯ ಬಯಲಿಗೆ ಇಬ್ಬರೂ ಹೋಗಿರಿ. ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗುವಂತಿರಲಿ. ಮೊದಲ ವಾರ ತುಳಿಯುವುದೂ ಬೇಡ, ಹಿಡಿದುಕೊಂಡು ನಡೆದರೆ ಸಾಕು. ಎರಡು ತಿಂಗಳು ಕಳೆದರೂ ಮನಸ್ಸು ಒಪ್ಪದಿದ್ದರೆ ಚಿಂತೆಯಿಲ್ಲ. ಅದೇ ದಂಡೆಯ ಮೇಲೆ ಅಜ್ಜನು ನಡೆದು ಬರಲಿ, ಮೊಮ್ಮಗಳು ಮುಂದಿನ ನೀರಬಾಗಿಲಿನ ಬಳಿ ಕಾದಿರಲಿ. ಹಾದಿಯು ಇಬ್ಬರಿಗೂ ಸಮನಾಗಿ ಸೇರಿದ್ದು.

ಮರಳಿ ಬಂದ ಮೇಲೆ ನಮಗೊಂದು ಪತ್ರ ಬರೆಯಿರಿ. ಸಾಧ್ಯವಾದರೆ ಅದನ್ನು ಯಜಮಾನರೇ ಬರೆಯಲಿ.