1 ರೂಪಾಯಿ ಪಾಕೀಟಿನ ಹಿಂದ ಏನ್ ಬರ್ದಾರ? (ಭಾಗ 4)

ದೋಸ್ತರೇ, ಭಾಲ್ಕಿ ಬಸ್ ಸ್ಟ್ಯಾಂಡ್ ಇರಲಿ, ಔರಾದ್ ಕಿರಾಣಿ ಅಂಗಡಿ ಇರಲಿ, ಶಾಂಪೂ ಪಾಕೀಟಿನ ಸರ ಬಾಗಿಲಿಗೇ ಜೋತು ಬಿದ್ದಿರ್ತದ. ಮೇ ತಿಂಗಳ ಬಿಸಿಲು ಸೀದಾ ಅದರ ಮ್ಯಾಲ. ನಾವು ಹರ್ಕೊಂಡು ಹೋಗ್ತೀವಿ, ಹಿಂದ ಓದಲ್ಲ.

ಓದಿದ್ರೂ ಎಷ್ಟು ಸಿಗ್ತದ? 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ 60 ಮಿ.ಲೀ.ಗಿಂತ ಕಮ್ಮಿ ಇರೋ ದ್ರವದ ಪ್ಯಾಕ್ ಮ್ಯಾಲ, ಒಳಗ ಏನೇನು ಹಾಕ್ಯಾರ ಅನ್ನೋ ಪಟ್ಟಿ ಕಡ್ಡಾಯ ಅಲ್ಲ. ಕೆಲವು ಕಂಪನಿ ತಾವಾಗೇ ಹಾಕ್ತಾವ, ಖರೆ. ಆದ್ರ ದೊಡ್ಡ ಬಾಟಲಿ ತಗೊಳ್ಳೋರಿಗೆ ಅದು ಹಕ್ಕು, ಪಾಕೀಟು ತಗೊಳ್ಳೋರಿಗೆ ಕಂಪನಿಯ ದಯೆ. ಇದು ನನಗ ಸರಿ ಕಾಣಲ್ಲ. ಜಾಗ ಸಣ್ಣದು ಅಂತೀರಾ? ಹೀರೋಯಿನ್ ಕೂದಲಿಗೆ ಜಾಗ ಇರ್ತದಲ್ಲ!

ನೊರೆ ಜಾಸ್ತಿ, ದಪ್ಪ ಜಾಸ್ತಿ ಅಂದ್ರ ಛಲೋ ಮಾಲು ಅಂತ ನಮ್ಮ ಲೆಕ್ಕ. ಆದ್ರ ಎಸ್‌ಎಲ್‌ಇಎಸ್ ಹಾಕಿದ ಶಾಂಪೂ ದಪ್ಪ ಮಾಡ್ಲಿಕ್ಕ ಉಪ್ಪು ಸಾಕು, ಅದೇ ಸೋಡಿಯಂ ಕ್ಲೋರೈಡ್. ಮಜಾ ಏನಂದ್ರ, ಹದ ದಾಟಿದ್ರ ಅದೇ ಉಪ್ಪಿನಿಂದ ಮತ್ತ ತೆಳ್ಳಗಾಗ್ತದ. ಅದಕ್ಕೇ ಕಾರ್ಖಾನೆಯಾಗ ಬ್ಯಾಚ್ ಬ್ಯಾಚಿಗೂ ದಪ್ಪ ಅಳೀತಾರ, ಪಿಎಚ್ ನೋಡ್ತಾರ, ಸೂಕ್ಷ್ಮಜೀವಿ ಅದಾವೇನು ಅಂತ ಪರೀಕ್ಷೆ ಮಾಡ್ತಾರ. ಹೊಸ ಫಾರ್ಮುಲಾ ಆದ್ರ 40 ಡಿಗ್ರಿ ಆಸುಪಾಸಿನ ಶಾಖದಾಗ ತಿಂಗಳುಗಟ್ಟಲೆ ಇಟ್ಟು, ಬಣ್ಣ ಹೋಯ್ತಾ, ವಾಸನೆ ಕೆಟ್ಟಿತಾ, ಪದರ ಬಿಟ್ಟಿತಾ ಅಂತ ಕಾಯ್ತಾರ. ಬೀದರ್ ಬ್ಯಾಸಗಿಗೆ 40 ಡಿಗ್ರಿ ಏನ್ ದೊಡ್ಡ ಮಾತು! ಆ ಪರೀಕ್ಷೆ ಅಂಗಡಿ ಬಾಗಿಲಿಗೇ ನಡೀತದ, ರಿಪೋರ್ಟ್ ಮಾತ್ರ ಯಾರೂ ಬರೆಯಲ್ಲ.

ಪಾಕೀಟೇ ಕೆಟ್ಟದ್ದು ಅಂತ ಹೇಳ್ತಿಲ್ಲ. 1983ರಾಗ ಕಡಲೂರಿನ ಸಿ.ಕೆ. ರಂಗನಾಥನ್ 15,000 ರೂಪಾಯಿ ಹಿಡ್ಕೊಂಡು ಚಿಕ್ ಶಾಂಪೂ ಶುರು ಮಾಡಿದ್ರು. ಪಾಕೀಟು ಬಂದಿದ್ದಕ್ಕೇ ಹಳ್ಳಿ ಮನಿಗೆ ಶಾಂಪೂ ಮುಟ್ಟಿದ್ದು.

ಈಗ ಬಿಕಾಂ ಮಂದಿ ಕಾಸ್ಟ್ ಅಕೌಂಟಿಂಗ್ ನೆನಸ್ಕೊಳ್ರಿ. ಬೆಲೆ 1 ರೂಪಾಯಿಗೇ ಕಟ್ಟಿ ಹಾಕ್ಯಾರ. ಕಚ್ಚಾ ಮಾಲಿನ ಖರ್ಚು ಏರ್ತು. ಲಾಭ ಬಿಡ್ಲಿಕ್ಕ ಮನಸಿಲ್ಲ ಅಂದ್ರ ಎರಡೇ ದಾರಿ: ಮಿ.ಲೀ. ಇಳಿಸೋದು, ಇಲ್ಲಾ ಒಳಗಿನ ಮಾಲು ಅಗ್ಗ ಮಾಡೋದು. ಮೊದಲಿಂದು ಪಾಕೀಟಿನ ಮ್ಯಾಲೇ ನಿವ್ವಳ ಪ್ರಮಾಣದಾಗ ಕಾಣ್ತದ. ಎರಡನೇದು ಪಟ್ಟಿ ಇಲ್ಲದೆ ಹ್ಯಾಂಗ ಕಾಣಬೇಕು? ಪಟ್ಟಿ ಅಂತ ನಾನು ಹಠ ಹಿಡಿದಿದ್ದು ಇದಕ್ಕೇ. ಜಾಗ ಇಲ್ಲಂದ್ರ ಕ್ಯೂಆರ್ ಕೋಡ್ ಹಾಕ್ಲಿ, ಅಂಗಡಿಗೆ ಕೊಡೋ ಸರದ ತುದಿಗೆ ಒಂದು ಚೀಟಿ ಹಚ್ಚಲಿ.

ಹಾಂ, ಹಾಸ್ಟೆಲ್‌ನವರೇ, ಬಾಟಲಿ ಮುಗಿಯೋ ಹೊತ್ತಿಗೆ ನೀರು ಹಾಕಿ ವಾರಗಟ್ಟಲೆ ಇಡಬ್ಯಾಡ್ರಿ. ಕೆಡದಂಗ ಹಾಕಿದ ಪ್ರಿಸರ್ವೇಟಿವ್ ತೆಳುವಾಗಿ ಬ್ಯಾಕ್ಟೀರಿಯಾ ಬೆಳೀಬಹುದು.

ನಿಮ್ಮ ಮನ್ಯಾಗಿನ ಪಾಕೀಟು ತಿರುಗಿಸಿ ನೋಡ್ರಿ. ಪಟ್ಟಿ ಅದನೋ ಇಲ್ಲೋ, ಕಾಮೆಂಟ್‌ನಾಗ ಹಾಕ್ರಿ.