ಮುಯ್ಯಾಳು ಕೆಲಸಕ್ಕೆ ಮಾತ್ರ ಯಾಕೆ, ರಜೆಗೂ ಇರಲಿ

ಶುಕ್ರವಾರ ಸಂಜೆ ಆಯ್ತು ಅಂದ್ರೆ ಬೆಂಗಳೂರಲ್ಲಿರೋ ದೋಸ್ತರ ಸ್ಟೇಟಸ್ ಶುರು. ಸಕಲೇಶಪುರದ ಮಂಜು, ಗೋಕರ್ಣದ ಬೀಚು, ಚಿಕ್ಕಮಗಳೂರಿನ ಯಾವುದೋ ಹೋಂಸ್ಟೇ. ನಾವು ಅದನ್ನ ನೋಡೋದು ಪಂಪ್‌ಸೆಟ್ ಮನೆ ಮುಂದೆ ತ್ರೀ ಫೇಸ್ ಕರೆಂಟಿಗೆ ಕಾಯ್ತಾ ಕೂತು. ಒಂದು ಲೈಕ್ ಒತ್ತಿ ಮೊಬೈಲ್ ಜೇಬಿಗೆ ಇಟ್ಟು, "ನಮಗೆಲ್ಲಿ ಬಿಡುವು" ಅಂತ ಎದ್ದು ಹೋಗ್ತೀವಿ.

ಈ "ನಮಗೆಲ್ಲಿ ಬಿಡುವು" ಅನ್ನೋ ಮಾತನ್ನ ನಾನು ಒಪ್ಪಲ್ಲ. ನಮ್ಮ ಅಜ್ಜಂದಿರಿಗೆ ಬಿಡುವಿತ್ತು. ಸುಗ್ಗಿ ಮುಗಿದ ಮೇಲೆ ಬಂಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗ್ತಿದ್ರು, ಸಿದ್ಧಗಂಗೆಯ ದನದ ಜಾತ್ರೆಗೆ ಹೋಗಿ ಕಣದಲ್ಲೇ ಮಲಗಿ ಬರ್ತಿದ್ರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬರೋದು ಜನವರಿ, ಫೆಬ್ರವರಿ ಸುಮಾರಿಗೆ, ಅಂದ್ರೆ ಕಾಳು ಮನೆ ಸೇರೋ ಹೊತ್ತಿಗೆ. ಅವರ ಪಂಚಾಂಗದಲ್ಲೇ ರಜೆ ಇತ್ತು. ಯಾರೂ ಅವರನ್ನ "ಹೊಲ ಬಿಟ್ಟು ಅಲೆಯೋಕೆ ಹೋದ" ಅಂತ ಬೈಯ್ಯಲಿಲ್ಲ, ಯಾಕಂದ್ರೆ ಇಡೀ ಊರೇ ಹೋಗ್ತಿತ್ತು.

ಆ ರಜೆಯನ್ನ ಕಿತ್ಕೊಂಡಿದ್ದು ಎರಡು ವಸ್ತು: ಬೋರ್‌ವೆಲ್ ಮತ್ತು ಎಚ್‌ಎಫ್ ಹಸು. ಎರಡೂ ನಮ್ಮನ್ನ ಬದುಕಿಸಿವೆ, ಸುಳ್ಳಲ್ಲ. ಆದ್ರೆ ಬೋರ್ ಬಂದ ಮೇಲೆ ವರ್ಷಕ್ಕೆ ಕೊನೆಯೇ ಇಲ್ಲ, ಮಳೆಗಾಲದ ಬೆಳೆ ಎತ್ತಿದ ಕೂಡಲೇ ಬೇಸಿಗೆ ಬೆಳೆ. ನಾಟಿ ಹಸು ಗಬ್ಬದ ಕೊನೆಗೆ ಬತ್ತಿದರೆ ಸಾಕಿತ್ತು, ಮನೆಯವರು ಉಸಿರು ಬಿಡ್ತಿದ್ರು. ಈಗ ಕೊಟ್ಟಿಗೇಲಿ ನಾಲ್ಕು ಮಿಶ್ರತಳಿ ಇದ್ರೆ ಯಾವುದಾದರೂ ಒಂದು ಹಿಂಡ್ತಾನೇ ಇರುತ್ತೆ. ಬೆಳಿಗ್ಗೆ, ಸಂಜೆ, ಡೇರಿಗೆ ಕ್ಯಾನು. ವರ್ಷಕ್ಕೆ 365 ದಿನ, 730 ಸಲ.

ಇದರಲ್ಲಿ ನಿಜವಾಗಿ ಸಿಕ್ಕಿಹಾಕಿಕೊಂಡಿರೋದು ಯಾರು ಅಂತ ಒಮ್ಮೆ ನೋಡಿ. ನಾವು ಹುಡುಗರು ಹೇಗೋ ತಪ್ಪಿಸ್ಕೊತೀವಿ. ಟಿಟಿ ಬುಕ್ ಮಾಡಿ ಹನ್ನೆರಡು ಜನ ಗೋವಾಕ್ಕೆ ಹೋಗಿ ಬರ್ತೀವಿ, ಎರಡು ದಿನ ಅಲ್ಲಿ, ಮೂರನೇ ದಿನ ತಲೆನೋವು ಮನೇಲಿ. ಆ ಮೂರು ದಿನ ಹಾಲು ಹಿಂಡಿದವರು ಅಮ್ಮ, ಇಲ್ಲಾ ಹೆಂಡತಿ. ಅವರು ತವರಿಗೆ ಮದುವೆಗೆ ಹೋದರೂ ಮುಹೂರ್ತ ನೋಡಿ, ಊಟ ಮಾಡಿ, ನಾಲ್ಕು ಗಂಟೆ ಬಸ್ಸಿಗೆ ವಾಪಸ್. "ಹಾಲು ಹಿಂಡೋ ಹೊತ್ತಾಯ್ತು" ಅಂತ. ರೈತರ ಹುಡುಗರಿಗೆ ಹೆಣ್ಣು ಸಿಗ್ತಿಲ್ಲ ಅಂತ ನಾವು ಗೋಳಾಡ್ತೀವಲ್ಲ, ಅದಕ್ಕೆ ದುಡ್ಡೊಂದೇ ಕಾರಣ ಅಂತ ನನಗೆ ಅನಿಸಲ್ಲ. ಈ ನಾಲ್ಕು ಗಂಟೆ ಬಸ್ಸನ್ನ ಹುಡುಗಿಯರು ತಮ್ಮ ಅಮ್ಮಂದಿರ ಬದುಕಲ್ಲಿ ನೋಡಿದಾರೆ.

ಹಾಗಾಗಿ ಮುಯ್ಯಾಳು ಪದ್ಧತಿಯನ್ನ ರಜೆಗೂ ತರೋಣ ಅಂತೀನಿ. ನಾಟಿಗೆ, ಕಳೆಗೆ, ಕಟಾವಿಗೆ ನಾವು ಮುಯ್ಯಿ ಮಾಡ್ತಾನೇ ಬಂದಿದೀವಿ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಅದೇ ಲೆಕ್ಕದಲ್ಲಿ ಈ ಶನಿವಾರ, ಭಾನುವಾರ ನಿನ್ನ ಕೊಟ್ಟಿಗೆ ನಾನು ನೋಡ್ಕೊತೀನಿ, ಬರೋ ತಿಂಗಳು ನನ್ನದು ನೀನು. ಎರಡು ಮೂರು ಮನೆ ಸೇರಿದರೆ ಸಾಕು, ಸಂಘ, ಅಧ್ಯಕ್ಷ, ಖಜಾಂಚಿ ಯಾವುದೂ ಬೇಡ.

ಸ್ವಲ್ಪ ತಯಾರಿ ಬೇಕು. ಹೊಸ ಕೈಗೆ ಹಸು ಬೆದರಿ ಹಾಲು ಇಳಿಸಲ್ಲ. ಕೆಚ್ಚಲಲ್ಲಿ ಹಾಲು ಉಳಿದ್ರೆ ಕೆಚ್ಚಲುಬಾವಿಗೆ ದಾರಿ ಆಗುತ್ತೆ. ಅದಕ್ಕೆ ಹೊರಡೋಕೆ ಎರಡು ಮೂರು ದಿನ ಮುಂಚೆಯಿಂದ ಪಕ್ಕದ ಮನೆಯವರು ಬಂದು ನಿಮ್ಮ ಜೊತೇಲೇ ಹಿಂಡಲಿ, ಹಸುವಿಗೆ ಆ ದನಿ, ಆ ಕೈ ರೂಢಿಯಾಗುತ್ತೆ. ಹಿಂಡಿ, ಬೂಸಾ ಎಷ್ಟು ಅನ್ನೋದನ್ನ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ವಾಟ್ಸಾಪಲ್ಲಿ ಕಳಿಸಿದ್ದು ಸಮಯಕ್ಕೆ ಸಿಗಲ್ಲ. ಪಶು ಆಂಬುಲೆನ್ಸಿನ 1962 ನಂಬರೂ ಅಲ್ಲೇ ಇರಲಿ. ಕರು ಹಾಕೋ ದಿನ ಹತ್ತಿರ ಇದ್ದರೆ ಮಾತ್ರ ಹೋಗಬೇಡಿ, ಇನ್ನೊಂದು ವಾರ ನೋಡಿ.

ಪಂಪಿಗೆ ಮೊಬೈಲ್ ಸ್ಟಾರ್ಟರ್ ಇದೆ ಅಂತ ಪೂರ್ತಿ ನಂಬ್ಕೋಬೇಡಿ. ಮೋಟಾರ್ ಆನ್ ಆಗಿದ್ದು ಗೊತ್ತಾಗುತ್ತೆ, ಡ್ರಿಪ್ ಪೈಪ್ ಕಿತ್ತು ಒಂದೇ ಸಾಲಿಗೆ ನೀರು ಹರೀತಿರೋದು ಗೊತ್ತಾಗಲ್ಲ. ಯಾರಾದರೂ ಒಂದು ಸುತ್ತು ಹಾಕಿ ಬರಬೇಕು.

ದಿನ ಯಾವುದು ಅನ್ನೋದು ನಿಮ್ಮ ಬೆಳೆ ಮೇಲೆ. ಭತ್ತದವರಿಗೆ ನಾಟಿ ಬೇರೂರಿ ಮೊದಲ ಮೇಲುಗೊಬ್ಬರ ಕೊಟ್ಟ ಮೇಲೆ ನಾಲ್ಕು ದಿನ ಸಿಗುತ್ತೆ. ಮೆಕ್ಕೆಜೋಳದವರಿಗೆ ಕಟಾವಾದ ಮೇಲೆ. ಹಿಂಗಾರಿ ಜೋಳ, ಕಡಲೆಯವರಿಗೆ ಎಳ್ಳಮಾವಾಸ್ಯೆಯ ಚರಗ ಚೆಲ್ಲಿದ ಮೇಲೆ. ಟೊಮೆಟೊದವರಿಗೆ ಕೊಯ್ಲು ನಡೆಯುವಾಗ ಇಲ್ಲವೇ ಇಲ್ಲ, ಪಾಪ.

ಇನ್ನು ಎಲ್ಲಿಗೆ? ದುಡ್ಡು ಕೊಟ್ಟು ರೆಸಾರ್ಟಿಗೆ ಹೋಗಿ ಅಲ್ಲಿ ಅವರು ತೋರಿಸೋ ಎತ್ತಿನ ಗಾಡೀಲಿ ಕೂರೋದು ನಮಗೆ ಬೇಕಿಲ್ಲ. ಹಾಗಂತ ಪ್ರತಿ ಪ್ರವಾಸವನ್ನೂ "ಅಧ್ಯಯನ ಪ್ರವಾಸ" ಮಾಡಿ, ಮೂರು ಪ್ರಗತಿಪರ ರೈತರ ತೋಟ ಸುತ್ತಿ, ಗುಂಪು ಫೋಟೋ ತೆಗೆಸ್ಕೊಂಡು ಬರೋದೂ ರಜೆ ಅಲ್ಲ. ಕಣ್ಣಿಗೆ ತಂಪಾಗೋ ಜಾಗಕ್ಕೆ ಹೋಗಿ. ರೈತನ ಕಣ್ಣು ಹೇಗೂ ಜೊತೇಲೇ ಬರುತ್ತೆ, ಅದನ್ನ ಬಿಟ್ಟು ಬರೋಕೆ ಆಗಲ್ಲ.

ಚಳಿಗಾಲದಲ್ಲಾದರೆ ನನ್ನ ಮೊದಲ ಓಟು ಮಾಗಡಿ ಕೆರೆಗೆ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗದಿಂದ ಸುಮಾರು 26 ಕಿಲೋಮೀಟರ್, ಶಿರಹಟ್ಟಿ ಹತ್ತಿರದ ಊರು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಈ ಕೆರೆಗೆ ಬರ್ತವೆ. ಹಗಲು ನೀರಲ್ಲಿ ತೇಲ್ತಾ, ಹೊಟ್ಟೆ ಹಸಿದಾಗ ಸುತ್ತಲಿನ ಹೊಲಕ್ಕೆ ಇಳೀತವೆ. ಅಲ್ಲಿನ ರೈತರಿಗೆ ಅದು ಬರೀ ಚೆಂದದ ನೋಟ ಅಲ್ಲ, ಬೆಳೆ ಲೆಕ್ಕವೂ ಹೌದು. ಪೇಟೆಯವರು ಕ್ಯಾಮೆರಾ ಹಿಡಿದು ಹಕ್ಕಿ ನೋಡ್ತಾರೆ, ನೀವು ಹೊಲದವರ ಜೊತೆ ಕೂತು ಮಾತಾಡಬಹುದು. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಹಾಗೇ ಲಕ್ಕುಂಡಿಗೂ ಹೋಗಿ. ಗುಡಿಗಳಷ್ಟೇ ಅಲ್ಲ, ಮೆಟ್ಟಿಲು ಬಾವಿಗಳನ್ನ ನೋಡಿ. ಸಾವಿರ ಅಡಿ ಕೊರೆಸಿ ಧೂಳು ಕಂಡವರು ಆ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಬೇಕು.

ಚಿತ್ರದುರ್ಗ, ತುಮಕೂರು ಕಡೆಯವರಿಗೆ ಹಿರಿಯೂರಿನ ಮಾರಿಕಣಿವೆ ಹತ್ತಿರ. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು, ಕೆಆರ್‌ಎಸ್ ಕೆಲಸ ಶುರುವಾಗಿದ್ದೇ ಅದಾದ ಮೇಲೆ. 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ! ಆಗ ತೆಂಗಿನಕಾಯಿ ಒಡೆಯೋಕೆ ಬಂದ ಜನರಲ್ಲಿ ಎಷ್ಟೋ ಮಂದಿಗೆ ಅಷ್ಟು ನೀರನ್ನ ಹುಟ್ಟಿದಾಗಿನಿಂದ ನೋಡಿ ಗೊತ್ತಿರಲಿಲ್ಲ. ಮಂಡ್ಯ, ರಾಮನಗರದವರಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟೋ ಊರು. ಮರದ ಕೆಳಗೆ ಬಿದ್ದ ಹಿಕ್ಕೆ ಅಲ್ಲಿನವರ ಹೊಲಕ್ಕೆ ಗೊಬ್ಬರ.

ಗೋಕರ್ಣಕ್ಕೇ ಹೋಗ್ಬೇಕು, ಸಮುದ್ರ ನೋಡಲೇಬೇಕು ಅಂದ್ರೆ ಧಾರಾಳವಾಗಿ ಹೋಗಿ. ಅಮ್ಮನಿಗೆ ಸಮುದ್ರ ತೋರಿಸಿದ ದಿನ ಅವರ ಮುಖ ನೋಡೋದೇ ಒಂದು ಭಾಗ್ಯ. ಜೊತೆಗೆ ಅರ್ಧ ದಿನ ಅಘನಾಶಿನಿ ಹಿನ್ನೀರಿನ ಗಜನಿ ಭೂಮಿಗೆ ಇಡಿ. ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ, ಉಪ್ಪುನೀರನ್ನೂ ನೆರೆಯನ್ನೂ ತಡೆಯೋ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ನಮ್ಮಲ್ಲಿ ಭೂಮಿ ಒಂಚೂರು ಚೌಳಾದರೆ ತಲೆ ಮೇಲೆ ಕೈ ಹೊತ್ತು ಕೂರ್ತೀವಿ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೀತಾರೆ, ಮಡಿ ಕಟ್ಟೋ ಕೆಲಸ ನೋಡಿದರೆ ನಮ್ಮದೇ ಕಸುಬು ಅನಿಸುತ್ತೆ.

ಒಂದು ಮಾತು ಗಟ್ಟಿಯಾಗಿ: ಬಾವೀಲಿ, ಕೆರೇಲಿ ಈಜು ಕಲಿತವರು ಸಮುದ್ರಕ್ಕೆ ಇಳಿದು ಧೈರ್ಯ ತೋರಿಸಬೇಡಿ. ಬಾವಿ ನೀರು ನಿಂತಿರುತ್ತೆ, ಅಲೆ ಹಿಂದಕ್ಕೆ ಎಳೆಯುತ್ತೆ. ಕುಡಿದಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಜಲಪಾತದ ಬಂಡೆ ಮೇಲೆ ನಿಂತು ರೀಲ್ಸ್ ಮಾಡೋದೂ ಅಷ್ಟೇ. ಪ್ರತಿ ವರ್ಷ ಪೇಪರಲ್ಲಿ ಬರೋ ಆ ಫೋಟೋಗಳು ನಮ್ಮ ವಯಸ್ಸಿನ ಹುಡುಗರದ್ದೇ.

ಖರ್ಚಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ನಡೆಯಲ್ಲ. ಅಮ್ಮ, ಹೆಂಡತಿ, ನೀವು ಮೂವರು ಹೊರಟರೆ ಟಿಕೆಟ್ ನಿಮ್ಮೊಬ್ಬರದ್ದೇ. ಯಾತ್ರಿ ನಿವಾಸದಲ್ಲೋ ಸಾದಾ ಲಾಡ್ಜಲ್ಲೋ ಒಂದು ರಾತ್ರಿ, ಮನೆಯಿಂದ ಕಟ್ಟಿಕೊಂಡ ರೊಟ್ಟಿ, ಚಟ್ನಿಪುಡಿ, ಬುತ್ತಿ. ಎಲ್ಲಾ ಸೇರಿ ಎರಡು ಮೂರು ಚೀಲ ಡಿಎಪಿ ದುಡ್ಡಲ್ಲಿ ಮುಗಿಯುತ್ತೆ. ಅಕ್ಕಪಕ್ಕದವರು ಹೊಡೆದರು ಅಂತ ನೋಡಿ ನಾವೂ ಹೊಡೆಯೋ ಒಂದು ಔಷಧಿ ಬಿಟ್ಟರೆ ಅಷ್ಟು ಉಳಿಯುತ್ತೆ.

ಅಪ್ಪ "ಇದೆಲ್ಲ ಯಾಕೆ" ಅಂತಾರೆ, ಅನ್ನಲಿ. ಅಮ್ಮನೂ ಮೊದಲು "ನಾನು ಬರಲ್ಲ, ನೀವು ಹೋಗ್ರಿ" ಅಂತಾರೆ. ಅದನ್ನ ನಂಬಬೇಡಿ, ಇನ್ನೊಂದು ಸಲ ಕೇಳಿ. ಹೆಬ್ಬಾತುಗಳು ಬೇಸಿಗೆ ಏರೋ ಹೊತ್ತಿಗೆ ಹೊರಟು ಬಿಡ್ತವೆ, ಅದರೊಳಗೆ ಪಕ್ಕದ ಮನೆಯವರ ಹತ್ತಿರ ಮುಯ್ಯಿ ಮಾತಾಡ್ಕೊಳ್ಳಿ. ಆಧಾರ್ ಕಾರ್ಡೋ ವಿಳಾಸ ಇರೋ ಬೇರೆ ಸರ್ಕಾರಿ ಗುರುತಿನ ಚೀಟಿಯೋ ಮರೀಬೇಡಿ, ಯಾವುದೂ ಇಲ್ಲದೆ ಕಂಡಕ್ಟರ್ ಫ್ರೀ ಟಿಕೆಟ್ ಹರಿಯಲ್ಲ.